ಲೆಕ್ಕಕ್ಕೆ ಬಾರದ ಹದಿನಾಲ್ಕು ವರ್ಷ

ಬರ್ಸ್ಲೆಮ್ಮಿನ ಕಾಲುವೆ ಬದಿಯ ಪಿಂಗಾಣಿ ಕಾರ್ಖಾನೆಯಲ್ಲಿ
ಸಂಬಳ ಬರೆಯುವವಳು ನಾನು, ಲೊರೇನ್ ಮೇಚಿನ್.
ಬಾಗಿಲು ಹಾಕುತ್ತೇವೆ ಎಂದು ಸೋಮವಾರ ಹೇಳಿದರು;
ಮಂಗಳವಾರದಿಂದ ಶುಕ್ರವಾರದೊಳಗೆ
ನೂರ ಹನ್ನೆರಡು ಲಕೋಟೆ ನಾನೇ ಅಂಟಿಸಿದೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ದೊಣ್ಣೆ ಈ ಸಲ ಬಂದದ್ದು ಗ್ಯಾಸ್ ಬಿಲ್ಲಿನ ರೂಪದಲ್ಲಿ.

ಒಬ್ಬೊಬ್ಬರಾಗಿ ನನ್ನ ಕಿಟಕಿಗೆ ಬಂದರು.
ಅದೇ ಮಾತು, ನೂರು ಸಲ:
ಪರಿಹಾರಕ್ಕೆ ಮೂವತ್ತು ಸಾವಿರ ಪೌಂಡಿನ ತನಕ ತೆರಿಗೆ ಇಲ್ಲ,
ನೋಟಿಸಿನ ಹಣ ಬೇರೆ, ಅದು ಸಂಬಳವೇ, ಅದಕ್ಕೆ ಇದೆ;
ಉಳಿದ ರಜೆಯ ದುಡ್ಡಿಗೂ ಇದೆ.
ಬಣ್ಣದ ವಿಭಾಗದ ಜಾನಿಸ್ ಕೇಳಿದಳು,
"ರಜೆ ಹಾಕದೆ ದುಡಿದದ್ದಕ್ಕೂ ತೆರಿಗೆಯಾ?"
ಕಾನೂನು ಬರೆದವಳು ನಾನಲ್ಲ ಎಂದೆ. ಅವಳು ನಗಲಿಲ್ಲ.

ಆವಿಗೆಯ ಡೆರೆಕ್ ಬ್ಲೋರ್, ಅರವತ್ತೊಂದು,
ಪಿಂಚಣಿಯ ಗಂಟು ಪೂರ್ತಿ ಈಗಲೇ ಬಿಚ್ಚುತ್ತೇನೆ ಎಂದ.
ರಿಲ್ ಕಡಲ ದಂಡೆಯಲ್ಲಿ ಒಂದು ಕ್ಯಾರವಾನ್ ನೋಡಿಟ್ಟಿದ್ದಾನಂತೆ.
"ಡೆರೆಕ್, ಎಂಟುನೂರು ಡಿಗ್ರಿ ಇರುವಾಗ
ಆವಿಗೆಯ ಬಾಗಿಲು ಯಾವತ್ತಾದರೂ ತೆಗೆದಿದ್ದೀಯ?"
"ಒಮ್ಮೆ. ತೊಂಬತ್ತೇಳರಲ್ಲಿ. ಮುನ್ನೂರು ತಟ್ಟೆ ಸೀಳಿದವು."
"ಕಾಲು ಭಾಗ ತೆರಿಗೆಯಿಲ್ಲದೆ ಬರುತ್ತೆ, ಅಷ್ಟು ತಗೋ.
ಉಳಿದದ್ದು ತಣ್ಣಗಾಗಲಿ, ಏಪ್ರಿಲ್ ಆರು ದಾಟಲಿ.
ಮುಂದಿನ ವರ್ಷ ನಿನಗೆ ಸಂಬಳ ಇರುವುದಿಲ್ಲ,
ತೆರಿಗೆ ಮುಟ್ಟದ ಹನ್ನೆರಡು ಸಾವಿರ ಚಿಲ್ಲರೆ
ಪೂರ್ತಿ ಖಾಲಿ ಬಿದ್ದಿರುತ್ತೆ."
ಅವನು ಹಾಗೇ ನಿಂತ.
ಸಂಬಳ ಇರುವುದಿಲ್ಲ ಎಂಬುದನ್ನು
ನಾನು ಒಳ್ಳೆ ಸುದ್ದಿಯ ದನಿಯಲ್ಲಿ ಹೇಳಿಬಿಟ್ಟಿದ್ದೆ.

ಕೊನೆಯ ಲಕೋಟೆ ನನ್ನದು.
ಮೂವತ್ತನಾಲ್ಕು ವರ್ಷ ಎಂದು ಒತ್ತಿದೆ. ಕಂಪ್ಯೂಟರ್ ಇಪ್ಪತ್ತು ಅಂದಿತು.
ಕಾನೂನಿಗೆ ಇಪ್ಪತ್ತರಾಚೆ ಎಣಿಸಲು ಬರುವುದಿಲ್ಲ.
ಗೊತ್ತಿತ್ತು, ವಾರವಿಡೀ ಬೇರೆಯವರಿಗೆ ಇದನ್ನೇ ಹೇಳಿದ್ದೆ.
ಇವತ್ತಿನಿಂದ ಹಿಂದಕ್ಕೆ ಎಣಿಸುತ್ತಾರೆ,
ಹಾಗಾಗಿ ಉದುರಿಹೋಗುವುದು ಮೊದಲಿನವು:
ನೋಟು ಎಣಿಸಿ ಕಂದು ಕವರಿಗೆ ತುಂಬುತ್ತಿದ್ದ ಗುರುವಾರಗಳು,
ತುಂಬು ಬಸುರಿ ಮೂರು ಮಹಡಿ ಹತ್ತಿದ ಚಳಿಗಾಲ,
ಅಚ್ಚು ಹೊಯ್ಯುವ ಕೀತ್ ನನ್ನ ಮೇಜಿಗೊರಗಿ ಮಾತಾಡಿಸಿದಾಗ
ಲೆಡ್ಜರಿಗೆ ಅಂಟಿದ ಅವನ ಮುಂಗೈಯ ಬಿಳಿ ಮಣ್ಣು.
ಆ ಪುಟ ಒರೆಸಲಿಲ್ಲ.
ಅವನು ಹೋಗಿ ಆರು ವರ್ಷ.
ಕೈ ಕೆಸರಾದರೆ ಬಾಯಿ ಮೊಸರು ಎಂದವರು
ಎದೆಯೊಳಗೆ ಕೆಸರಾದರೆ ಏನೆಂದು ಹೇಳಲಿಲ್ಲ.
ಅದಕ್ಕೂ ಒಂದು ಮೊತ್ತ ಬಂದಿತ್ತು. ಅದಕ್ಕೂ ಒಂದು ಲಕೋಟೆ.

ಹ್ಯಾನ್ಲಿಯ ಹಣಕಾಸು ಸಲಹೆಗಾರ ಇನ್ನೂ ಹುಡುಗ.
ಮನೆಸಾಲದ ಉಳಿದ ಹನ್ನೊಂದು ಸಾವಿರ ತೀರಿಸುವುದೋ,
ಕೈಯಲ್ಲೇ ಇಟ್ಟುಕೊಳ್ಳುವುದೋ, ಎರಡು ಗೀಟು ಎಳೆದ.
ನನಗೆ ಐವತ್ತೆಂಟು. ಸರ್ಕಾರಿ ಪಿಂಚಣಿಗೆ ಒಂಬತ್ತು ವರ್ಷ.
"ನಿಮ್ಮ ಧೈರ್ಯ ಎಷ್ಟು, ಒಂದರಿಂದ ಹತ್ತರೊಳಗೆ?"
ಅದಕ್ಕೊಂದು ಫಾರಂ ಇತ್ತು.

ಚಹಾ ಮುಗಿಸಿ, ನಮ್ಮೂರಿನವರು ಎಲ್ಲಿ ಹೋದರೂ ಮಾಡುವಂತೆ,
ಕಪ್ಪು ಮಗುಚಿ ತಳ ನೋಡಿದೆ.
ನಮ್ಮದೇ ಮುದ್ರೆ. 1996.
ಅಂಚಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ.
ಹುಡುಗ ಪೆನ್ನು ಹಿಡಿದು ಕಾಯುತ್ತಿದ್ದ,
ನನ್ನ ಕಣ್ಣಿಗೆ ಏನಾಯಿತೆಂದು ಕೇಳಲು ಅವನಿಗೆ ಫಾರಂ ಇರಲಿಲ್ಲ.

ಆರು ಅಂತ ಬರೆದುಕೊಳ್ಳಿ, ಎಂದೆ.
ಮೊದಲು ಸಾಲ ತೀರಲಿ.
ಅಂದಹಾಗೆ, ನಿಮ್ಮ ಫೀಸಿಗೆ ವ್ಯಾಟ್ ಸೇರಿದೆಯೋ,
ಅದು ಹೊರಗೋ?