ತಡವಾದರೆ ದಿನಕ್ಕೆ ಹತ್ತು

ಆಗಸ್ಟ್ ಕೊನೆಯ ವಾರ, ಪಾಠ ಶುರುವಾಗುವ ಮೊದಲೇ
ಹಳದಿ ಹಾಳೆಯಲ್ಲಿ ನಿಯಮ ಹಂಚುತ್ತೇನೆ.
ಹದಿನಾಲ್ಕು ವರ್ಷದಿಂದ ಅದೇ ಹಾಳೆ, ಅದೇ ಹಳದಿ.
ತಡವಾದ ಬರಹಕ್ಕೆ ದಿನಕ್ಕೆ ಹತ್ತು ಅಂಕ ಕಡಿತ.
ತಪ್ಪಿದ ಪರೀಕ್ಷೆ ಗುರುವಾರ ಬೆಳಿಗ್ಗೆ ಏಳಕ್ಕೆ,
ಬೇರೆ ದಿನ ಕೇಳಬೇಡಿ.
ಮರುಪರೀಕ್ಷೆ ಒಮ್ಮೆ ಮಾತ್ರ; ಎಷ್ಟೇ ಚೆನ್ನಾಗಿ ಬರೆದರೂ
ಎಂಬತ್ತು ದಾಟುವಂತಿಲ್ಲ.
ಇಸವಿ, ಹೆಸರು, ಸಂಖ್ಯೆ ಕರಾರುವಾಕ್ಕಾಗಿರಬೇಕು.
ಕೆಳಗೆ ಮನೆಯವರ ಸಹಿ.

ಆ ಸಹಿಗಳನ್ನು ನೋಡುವುದು ನನಗಿಷ್ಟ.
ಮೊಂಟಾನಾದ ಈ ಊರಲ್ಲಿ ತಾಮ್ರದ ಗಣಿ ಮುಚ್ಚಿ ಎಷ್ಟೋ ಕಾಲವಾಯಿತು,
ಪೆನ್ನನ್ನು ಮಾತ್ರ ಇನ್ನೂ
ಹಾರೆ ಹಿಡಿದ ಹಾಗೆ ಹಿಡಿಯುತ್ತಾರೆ.
ಒಬ್ಬ ತಾಯಿ ಮೂಲೆಯಲ್ಲಿ ಬರೆದಿದ್ದಳು:
'ನನ್ನದು ಆಸ್ಪತ್ರೆಯಲ್ಲಿ ರಾತ್ರಿಪಾಳಿ. ಗುರುವಾರ ಏಳು ಕಷ್ಟ.'
ನಿಯಮ ಎಲ್ಲರಿಗೂ ಒಂದೇ, ಎಂದು ಕೆಳಗೆ ಬರೆದು ಕಳಿಸಿದೆ.
ಅಕ್ಷರ ದುಂಡಗಿತ್ತು.

ಘಟಕ ನಾಲ್ಕು, ಪ್ರಶ್ನೆ ಹನ್ನೊಂದು, ಎರಡು ಅಂಕ:
ಮೂರನೇ ನಂಬರ್ ಗಣಿಯ ಬೆಂಕಿಯಲ್ಲಿ ಸತ್ತವರೆಷ್ಟು?
ಐವತ್ತೇಳು. ಪುಸ್ತಕದಲ್ಲಿ ಐವತ್ತೇಳು,
ಚೌಕದ ಕರಿಕಲ್ಲಿನಲ್ಲಿ ಐವತ್ತೇಳು ಹೆಸರು,
ನನ್ನ ಉತ್ತರಪಟ್ಟಿಯಲ್ಲೂ ಅಷ್ಟೇ.
ಐಲಾ ರಂತಾಲಾ ಬರೆದದ್ದು ಐವತ್ತೆಂಟು.

ಕೆಂಪು ಪೆನ್ನು ಅಡ್ಡಗೆರೆ ಎಳೆದು ಮುಂದೆ ಹೋಗಿಯಾಗಿತ್ತು.
ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರ:
'ವಿಲ್ಹೊಗೆ ಬಿಲ್ಲೆ ಇತ್ತು. ತಮ್ಮ ಆರ್ವಿಗೆ ಹದಿನಾಲ್ಕು,
ಕೆಲಸಕ್ಕೆ ಸೇರಿಸುವ ಹಾಗಿರಲಿಲ್ಲ, ಆದರೂ ಇಳಿಯುತ್ತಿದ್ದ.
ಕಂಪನಿ ಎಣಿಸಿದ್ದು ಹಿತ್ತಾಳೆ ಬಿಲ್ಲೆಗಳನ್ನು.
ನಮ್ಮ ಮನೆಗೆ ಮರಳಿ ಬಂದದ್ದು
ಬಿಲ್ಲೆ ಒಂದು, ಊಟದ ಡಬ್ಬಿ ಎರಡು.'

ಚಹಾ ಆರಿತು. ಕಿಟಕಿಯಾಚೆ ಯಾರದೋ ಟ್ರಕ್ಕು
ಚಳಿಗೆ ಕೆಮ್ಮಿ ಕೆಮ್ಮಿ ಹೊರಟಿತು.

ಗ್ರಂಥಾಲಯದ ಗೋಡೆಯಲ್ಲಿ ಕಂಪನಿಯ ವಿಷಾದಪತ್ರವಿದೆ,
ಗಾಜು ಹಾಕಿಸಿ ತೂಗುಬಿಟ್ಟದ್ದು.
ಅದು ಬಂದದ್ದು ಬೆಂಕಿಯಾಗಿ ಅರವತ್ತೊಂದು ವರ್ಷಕ್ಕೆ.
ದಿನಕ್ಕೆ ಹತ್ತರ ಲೆಕ್ಕ ಹಾಕಿದೆ, ಸುಮ್ಮನೆ, ಬೆರಳಲ್ಲಿ:
ಹತ್ತನೇ ದಿನಕ್ಕೆ ಸೊನ್ನೆ.
ಹತ್ತನೇ ದಿನ ಗಣಿಬಾಯಲ್ಲಿ ಇನ್ನೂ ಹೊಗೆ ಬರುತ್ತಿತ್ತಂತೆ.

ಕಂಪ್ಯೂಟರಿನ ಚೌಕದಲ್ಲಿ ಸೊನ್ನೆ, ಒಂದು, ಎರಡು, ಇಷ್ಟೇ ಹಿಡಿಸುತ್ತದೆ.
ಒಂದು ಕೊಡುವುದೆಂದರೆ
ಆರ್ವಿ ಅರ್ಧ ಸತ್ತಿದ್ದ ಎಂದ ಹಾಗೆ.
ಎರಡು ಕೊಟ್ಟರೆ, ಐವತ್ತೇಳು ಬರೆದ ಟ್ರೆಂಬಾತ್ ಹುಡುಗ
ನಾಳೆ ಕೈಯೆತ್ತುತ್ತಾನೆ; ಎತ್ತಲೇಬೇಕು,
ನಾನೇ ಕಲಿಸಿದ್ದು.
ಚೌಕ ಖಾಲಿ ಬಿಟ್ಟೆ.
ಶುಕ್ರವಾರ ಕಳೆಯಿತು. ಸೋಮವಾರ ಮುಖ್ಯೋಪಾಧ್ಯಾಯರ ಚೀಟಿ:
ಮಿಸ್ ಪೆಂಗೆಲ್ಲಿ, ನಿಮ್ಮ ಅಂಕಗಳು ತಡವಾಗಿವೆ.

ಗುರುವಾರ ಏಳಕ್ಕೆ ಐದು ನಿಮಿಷ. ಬೀಗ ಕೈಗೆ ಅಂಟುವಷ್ಟು ಹಿಮ.
ಕಾರಿನಿಂದ ಐಲಾ ಇಳಿದಳು, ಹಿಂದೆಯೇ ತಾಯಿ,
ನೀಲಿ ಸಮವಸ್ತ್ರ, ರಾತ್ರಿಯಿಡೀ ನಿಂತ ಕಾಲು.
ಮಗಳು ಯಾವ ಪರೀಕ್ಷೆ ತಪ್ಪಿಸಿದಳು, ಕೇಳಿದಳು.
ಅವಳಲ್ಲ, ಅಂದೆ.
ಮುಂದಿನ ಮಾತು ಗಂಟಲಲ್ಲೇ ಉಳಿಯಿತು.

ಮೇಜಿನ ಮೇಲೆ ಡಬ್ಬಿಗಳನ್ನಿಟ್ಟಳು.
ಒಂದರ ತಳದಲ್ಲಿ ಮೊಳೆಯಿಂದ ಗೀಚಿದ 'ವಿ'.
ಇನ್ನೊಂದರಲ್ಲಿ ಏನೋ ಇತ್ತು, ಸವೆದಿದೆ,
ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕಾಣುತ್ತದೆ ಅಂದರು.
ಹಿಡಿದೆ. ಮೂವರೂ ಬಗ್ಗಿ ನೋಡಿದೆವು.