ಮೂರು ಹೆಸರಿನ ಒಲೆ

ಫೋನಿನಲ್ಲಿ ಮೂರು ಹೋಟೆಲು:
ಅಮ್ಮನ ತುತ್ತು, ದಮ್ ದರ್ಬಾರ್, ಡ್ರ್ಯಾಗನ್ ಚಟಾಕಿ.
ಒಂದಕ್ಕೆ ನಾಲ್ಕೂವರೆ ನಕ್ಷತ್ರ, ಒಂದಕ್ಕೆ ಮೂರು,
ಇನ್ನೊಂದು ‘ಹೊಸದು’.
ಒಲೆ ಮಾತ್ರ ಒಂದೇ,
ಕೋಲಾರದ ಕಠಾರಿಪಾಳ್ಯದಲ್ಲಿ
ನನ್ನ ಮಂಚದ ನೇರ ಕೆಳಗೆ.
ಮುನಿಯಲ್ಲಮ್ಮ ಒಗ್ಗರಣೆಗಿಟ್ಟರೆ
ಮಹಡಿಯಲ್ಲಿ ನಾನು ಸೀನುತ್ತೇನೆ.

ಜ್ವರದ ರಾತ್ರಿ, ಇಳಿಯಲು ಕಾಲಿಲ್ಲ.
ಅಮ್ಮನ ತುತ್ತಿಗೇ ಒತ್ತಿದೆ: ತಿಳಿಸಾರು, ಅನ್ನ.
ಪರದೆಯ ಪುಟ್ಟ ಸ್ಕೂಟರು
ಗಡಿಯಾರ ಗೋಪುರದಿಂದ ಹೊರಟಿತು,
ನನ್ನ ಮನೆಗೇ ಬಂದು ನನ್ನ ಊಟ ಎತ್ತಿಕೊಳ್ಳಲು.

ಕೆಳಗೆ ಅವಳ ಗದರು:
“ಮದ್ಯಾನದ ಅನ್ನ ಯಾಕೋ ಹಾಕ್ತೀಯ?
ಆಚೆಗಿಡು ಅದನ್ನ!”
ಕುಕ್ಕರು ಕೂಗಿತು. ಎಣಿಸಿದೆ, ಮೂರು.

ಜಬೀವುಲ್ಲಾ ಹದಿನೆಂಟು ಮೆಟ್ಟಿಲು ಹತ್ತಿ
ನಗು ತಡೆದುಕೊಂಡು ಓಟಿಪಿ ಕೇಳಿದ.
ಪೊಟ್ಟಣದ ಮೇಲೆ ಮುದ್ರೆ: ಯಾರೂ ಮುಟ್ಟಿಲ್ಲ.

ಮುಟ್ಟಿದ್ದಾರೆ.
ನಾನು ಕೇಳದ ನಿಂಬೆ ಉಪ್ಪಿನಕಾಯಿ,
ಕಾಗದದ ಚೂರಿನಲ್ಲಿ.
ಅಂದರೆ ನನ್ನ ಕೆಮ್ಮೂ
ನೆಲ ದಾಟಿ ಇಳಿಯುತ್ತದೆ.

ಊಟ ಹೇಗಿತ್ತು, ಕೇಳುತ್ತಿದೆ ಫೋನು.
ಐದೂ ಒತ್ತಲು ಹೋದ ಬೆರಳು
ಯಾಕೋ ಅಲ್ಲೇ ನಿಂತಿದೆ.
ಆಚೆಗಿಟ್ಟ ಅನ್ನ
ಯಾವ ಹೆಸರು ಹೊತ್ತು
ಯಾವ ಬೀದಿಗೆ ಹೋಯಿತೋ,
ಅದು ಮಾತ್ರ ಕೇಳಿಸಲಿಲ್ಲ.