ಒಂದು ಟಕ್ಕೆ

ಹೋಟಗಿ ರೋಡಿನ ಸೈಟ್ ಆಫೀಸಿನ್ಯಾಗ ಏಸಿ ಜೋರಿತ್ತು.
ಟೇಬಲ್ಲಿನ ಮ್ಯಾಲ ಥರ್ಮೋಕೋಲಿನ ಬಿಲ್ಡಿಂಗು,
ಬೆರಳುದ್ದ ಗಿಡ, ಬೆಂಕಿಕಡ್ಡಿಯಂಥ ಮಂದಿ.
ನಾಕನೇ ಮಜಲಿಯ ಒಂದು ಕಿಡಕಿ ಮುಟ್ಟಿ
ಇದೇ ನಿಮ್ದು, ಅಂತ ಮರಾಠಿಯೊಳಗ ಅಂದ ಹುಡುಗ.
ಎದಿಮ್ಯಾಲಿನ ಬಿಲ್ಲೆಯೊಳಗ: ಎಸ್. ಹತ್ತುರೆ.

ಗ್ವಾಡಿಗೆ ಕೆಂಪು ಬ್ಯಾನರ್. ದಸರಾ ಆಫರ್,
ಸ್ಟ್ಯಾಂಪ್ ಡ್ಯೂಟಿ ಮಾಫ್.
ನಮ್ಮ ಯಜಮಾನ್ರ ಮಾರಿ ಅರಳ್ತು.
ಎಸ್‌ಟಿ ಡಿಪೋದಾಗ ಇಪ್ಪತ್ತೆರಡು ವರ್ಷ ಬ್ರೇಕ್ ಬಿಗಿದ ಮನಿಷ್ಯಾ,
ಪುಕ್ಕಟೆ ಅಂದ್ರ ಮಾತ್ರ ಅವರ ಬ್ರೇಕ್ ಹಿಡಿಯೂದಿಲ್ಲ.

ನಾನು ಯೂನಿಫಾರ್ಮ್ ಹೊಲಿಯಾಕಿ.
ಆರು ಮಶೀನು, ಎಂಟು ಹೆಂಗಸರು, ತಿಂಗಳ ಇಪ್ಪತ್ತಕ್ಕ ಜಿಎಸ್‌ಟಿ.
ಮಾಫ್ ಅನ್ನೂದನ್ನ ಎಲ್ಲಿ ಮಡಚಿರತಾರ, ಗೊತ್ತದ ನನಗ.
ಬೆಳೆಯೋ ಹುಡುಗಿಯ ಸ್ಕರ್ಟಿನ ಅಂಚಿನೊಳಗ
ಎರಡು ಬೆರಳು ಬಟ್ಟಿ ಮಡಚಿ ಇಡತೀವಲ್ಲ,
ಹೊರಗಿಂದ ಕಾಣೂದಿಲ್ಲ, ಒಳಗ ಕೈ ಹಾಕಬೇಕು.

ಕೈ ಹಾಕಿದೆ.
ಶ್ರಾವಣದಾಗ ಫೂಟಿಗೆ ಮೂರು ಸಾವಿರದ ಏಳನೂರಾ ಐವತ್ತಿತ್ತು,
ಈಗ ಮೂರು ಸಾವಿರದ ಒಂಬೈನೂರು.
ಒಂಬೈನೂರಾ ಇಪ್ಪತ್ತು ಫೂಟಿಗೆ ಗುಣಿಸು,
ಒಂದು ಲಕ್ಷ ಮೂವತ್ತೆಂಟು ಸಾವಿರ.
ಇದು ಮಾಫ್ ಅಲ್ಲ ತಮ್ಮಾ, ಅಂಚು.
ಮರಾಠಿಯೊಳಗ ಹೇಳಿದೆ, ಅರ್ಧ ಚೂಪು ದಾರಿಯಾಗ ಉದುರಿತು.

ಹುಡುಗ ನಕ್ಕ. ಕ್ಯಾಲ್ಕುಲೇಟರ್ ಬೋರಲ ಇಟ್ಟ.
ಬಾಯೀ ಹೆಸರಿಗೆ ಮಾಡ್ರಿ ಸಾಹೇಬ,
ಹೆಣ್ಣಿನ ಹೆಸರಿಗಾದ್ರ ಸರಕಾರ ಒಂದು ಟಕ್ಕೆ ಬಿಡ್ತದ.
ಯಜಮಾನ್ರು ನನ್ನ ಕಡೆ ತಿರುಗಿ ನೋಡಿದ್ರು,
ಇಪ್ಪತ್ತಾರು ವರ್ಷದ ಮ್ಯಾಲ ಮೊದಲ ಸಲ ರೇಟು ಕಂಡವರ್ಹಂಗ.
'ಆತು ಬಿಡು, ನಿನ್ನ ಹೆಸರಿಗೇ ಇರಲಿ.'
ಬಸ್ಸಿನ್ಯಾಗ ಕಿಡಕಿ ಬಾಜೂಕಿನ ಸೀಟು ಬಿಟ್ಟುಕೊಟ್ಟ ದನಿ.

ನಾನು ಕನ್ನಡಕ್ಕ ಹೊರಳಿದೆ.
ಅದು ನಮ್ಮ ಕದಾ, ಊರೊಳಗ ಎಲ್ಲೇ ಕುಂತ್ರೂ ಮುಚ್ಚಿಕೋಬಹುದು.
'ಸುಮ್ನಿರ್ರಿ. ಡ್ಯೂಟಿ ಕಟ್ಟಾಂವ ಬಿಲ್ಡರ್ ಅಲ್ಲೇನು?
ನನ್ನ ಹೆಸರಿಂದ ಉಳಿಯೂದು ಅವನ ರೊಕ್ಕ.
ಮೂವತ್ತೈದು ಸಾವಿರದ ಎಂಟನೂರಾ ಎಂಬತ್ತು ರೂಪಾಯಿ
ನನ್ನ ಹೆಸರು ದುಡೀತದ, ಅವನ ಗಲ್ಲೆಕ್ಕ ಬೀಳ್ತದ.
ಹೆಂಗ ಕೇಳೂದು ಈಗ?'

'ಹಿಂಗೇ ಕೇಳ್ರಿ ಅಕ್ಕಾರ,' ಅಂದ ಹತ್ತುರೆ.
ಕನ್ನಡದಾಗ.
ಏಸಿಯ ಸದ್ದು ಒಂದೇ ಉಳೀತು.
ಹತ್ತೂರು! ವಿಜಾಪುರ ರೋಡಿನ ಹತ್ತೂರು,
ಬಾಲಕ್ಕೊಂದು 'ರೆ' ಕಟ್ಟಿಕೊಂಡು ಎದಿಮ್ಯಾಲ ಕುಂತಿತ್ತು.
ಒಂದು ತಾಸು ಅದನ್ನೇ ಓದಿದ್ದೆ ನಾನು.

ಅವನ ಕಣ್ಣು ಗಾಜಿನ ಕೋಣಿಯ ಕಡೆ. ಅಲ್ಲಿ ಸೇಠ, ಫೋನಿನ್ಯಾಗ.
'ಗೀಜರ್ ಕೊಡ್ತೀನಿ ಅಂತಾನ, ಗ್ರಿಲ್ ಕೊಡ್ತೀನಿ ಅಂತಾನ. ತಗೋಬ್ಯಾಡ್ರಿ.
ರೇಟಿನ್ಯಾಗ ಕಳೀರಿ ಅನ್ರಿ. ಕರಾರಿನ್ಯಾಗ ಬರಸ್ರಿ.
ನಾ ಹೇಳೀನಂತ ಅನಬ್ಯಾಡ್ರಿ, ನನಗೂ ಹೊಟ್ಟಿ ಅದ.'
ಆಮ್ಯಾಲ ದೊಡ್ಡ ದನಿಲೆ, ಮರಾಠಿ:
'ಚಹಾ ಘೇಣಾರ ಕಾ ಮ್ಯಾಡಮ್?'

ಸೇಠ ಗೀಜರ್ ಅಂದ. ಗ್ರಿಲ್ ಅಂದ.
ಮೂರನೇ ಚಹಾಕ್ಕ ಇಪ್ಪತ್ತೆಂಟು ಸಾವಿರಕ್ಕ ಬಂದು ನಿಂತ.
ಏಳು ಸಾವಿರ ಚಿಲ್ರೆ ಅವನಲ್ಲೇ ಉಳೀತು,
ಆ ಲಕ್ಷದ ಅಂಚು ಬಿಚ್ಚಲೇ ಇಲ್ಲ.
ಸುಳ್ಳ್ಯಾಕ ಹೇಳ್ಲಿ, ಗೆದ್ದೆ ಅನ್ನೂ ಹಂಗಿಲ್ಲ.

ಹೆಸರು ಬರಕೊಳ್ಳಾಕ, ಪೂರ್ತಿ ಹೇಳ್ರಿ ಅಂದ್ರು.
ಮಹಾನಂದಾ ರೇವಣಸಿದ್ಧ ಬಿರಾಜದಾರ.
ನನ್ನ ಮನಿಗೆ ಇನ್ನೂ ಬುನಾದಿ ಇಲ್ಲ,
ನಡಮನಿಯೊಳಗ ಆಗಲೇ ಅವರು ಕುಂತಿದ್ರು.

ಸಾತ್ ರಸ್ತಾದ ಸಿಗ್ನಲ್ ತನಕ ಗಾಡಿ ಮ್ಯಾಲ ಮಾತಿಲ್ಲ.
ಅಲ್ಲಿ ಹೆಲ್ಮೆಟ್ಟಿನೊಳಗಿಂದ ಕೇಳಿದ್ರು:
'ನಾಳೆ ಜಗಳ ಆದ್ರ ಹೊರಗ ಹಾಕ್ತೀಯೇನ?'

'ಒಂದು ಟಕ್ಕೆ,' ಅಂದೆ.

ಹಸರು ದೀಪ ಹತ್ತಿತು.
ನಕ್ಕರೋ ಇಲ್ಲೋ,
ಹಿಂದಿನ ಸೀಟಿಗೆ ಕಾಣಲಿಲ್ಲ.